ಸಣ್ಣ ಯಂತ್ರದಲ್ಲಿ ಆಟ್ರಿಬ್ಯೂಟ್ ಓದುವುದು: ನಮ್ಮಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಎಪಿಎಂಸಿ ಯಾರ್ಡ್‌ನ ಕೆಲವು ದಲಾಲಿ ಅಂಗಡಿಗಳಿಗೆ ನಾವು ತೂಕದ ಚೀಟಿ ಬರೆಯುವ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮೆಕ್ಕೆಜೋಳದ ಸುಗ್ಗಿ ಶುರುವಾದರೆ ಬೆಳಗ್ಗೆಯಿಂದಲೇ ಟ್ರ್ಯಾಕ್ಟರ್ ಸಾಲು. ರಾಶಿಯ ಪಕ್ಕದಲ್ಲೇ ನಿಂತು, ಕೈಯಲ್ಲಿ ಹಿಡಿದ ಯಂತ್ರದಲ್ಲಿ ತೂಕ, ತೇವಾಂಶ, ದರ ಹಾಕಿ ಚೀಟಿ ತೆಗೆಯಬೇಕು. ಕೆಲವು ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ವಿಂಡೋಸ್ ಸಿಇ ಯಂತ್ರಗಳಿವೆ. ಕೆಲವು ಕಡೆ ಆಂಡ್ರಾಯ್ಡ್ ಬಂದಿದೆ. ಎರಡಕ್ಕೂ ನಾವು ಬರೆಯುವುದು ಸಿ ಶಾರ್ಪ್ ಭಾಷೆಯಲ್ಲಿ.

ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಒಂದಿಬ್ಬರು ಕಲಿಯಲು ಬರುತ್ತಾರೆ. ಸಿ ಶಾರ್ಪ್ ಪ್ರೋಗ್ರಾಂಗಳನ್ನು ಓಡಿಸುವ ಮೈಕ್ರೋಸಾಫ್ಟ್ ವೇದಿಕೆ ಡಾಟ್ ನೆಟ್ ಅವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೆ ಕಂಪ್ಯೂಟರ್ ಮೇಲೆ ಸರಿಯಾಗಿ ಓಡಿದ ಕೋಡ್ ಯಂತ್ರಕ್ಕೆ ಹಾಕಿದ ತಕ್ಷಣ ಬೇರೆ ಥರ ನಡೆದುಕೊಳ್ಳುತ್ತದೆ. ಆಗ ಅವರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಆಟ್ರಿಬ್ಯೂಟ್ ಮತ್ತು ರಿಫ್ಲೆಕ್ಷನ್ ಬಗ್ಗೆಯೇ ಇರುತ್ತವೆ. ಅವಕ್ಕೆ ಉತ್ತರಗಳನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ನೀವು ಮೊಬೈಲ್ ಆಪ್ ಮಾಡುತ್ತಿರಲಿ, ಯೂನಿಟಿಯಲ್ಲಿ ಆಟ ಕಟ್ಟುತ್ತಿರಲಿ, ಇದರಲ್ಲಿ ಜಾಸ್ತಿ ಭಾಗ ನಿಮಗೂ ಉಪಯೋಗಕ್ಕೆ ಬರುತ್ತದೆ.

## ಆಟ್ರಿಬ್ಯೂಟ್ ಅಂದ್ರೆ ಸರಳವಾಗಿ ಏನು?

ಬಿತ್ತನೆ ಬೀಜದ ಚೀಲ ನೋಡಿರುತ್ತೀರಿ. ಚೀಲದ ಬಾಯಿಗೆ ಒಂದು ಚೀಟಿ ಸೇರಿಸಿ ಹೊಲಿದಿರುತ್ತಾರೆ. ಯಾವ ಬೆಳೆ, ಯಾವ ತಳಿ, ಯಾವ ಲಾಟು ಅಂತ ಅದರಲ್ಲಿ ಇರುತ್ತದೆ. ಚೀಟಿ ಹೊಲಿದಿದ್ದರಿಂದ ಒಳಗಿನ ಕಾಳು ಬದಲಾಗುವುದಿಲ್ಲ. ಯಾರಾದರೂ ಬಂದು ಓದಿದಾಗಲೇ ಆ ಚೀಟಿಗೆ ಕೆಲಸ.

ಆಟ್ರಿಬ್ಯೂಟ್ ಕೂಡ ಹಾಗೆಯೇ. ಕ್ಲಾಸ್‌ಗೋ, ಪ್ರಾಪರ್ಟಿಗೋ, ಮೆಥಡ್‌ಗೋ ಅಂಟಿಸಿದ ಚೀಟಿ. ಕಂಪೈಲರ್ ಅದನ್ನು ಅಸೆಂಬ್ಲಿಯ (ಕಂಪೈಲ್ ಆಗಿ ಬರುವ ಫೈಲಿನ) ಮೆಟಾಡೇಟಾದಲ್ಲಿ, ಅಂದರೆ ಕೋಡ್ ಬಗ್ಗೆ ಇರುವ ಮಾಹಿತಿಯಲ್ಲಿ, ಬರೆದಿಡುತ್ತದೆ. ಆ ಚೀಟಿಯನ್ನು ಪ್ರೋಗ್ರಾಂ ಓಡುವಾಗ ಹುಡುಕಿ ಓದುವ ಕೆಲಸಕ್ಕೆ ರಿಫ್ಲೆಕ್ಷನ್ ಅನ್ನುತ್ತೇವೆ. ನಿಜ ಹೇಳಬೇಕೆಂದರೆ ರಿಫ್ಲೆಕ್ಷನ್ ಇನ್ನೂ ದೊಡ್ಡದು. ಈ ಪುಟಕ್ಕೆ ಇಷ್ಟು ಸಾಕು.

## ಇದೆಲ್ಲ ಯಾಕೆ ಬೇಕು? ನೇರವಾಗಿ ಬರೆದರೆ ಆಗಲ್ವಾ?

ಎರಡು ಮೂರು ಅಂಕಣಗಳಿದ್ದರೆ ನೇರವಾಗಿಯೇ ಬರೆಯಿರಿ. ಅದೇ ಒಳ್ಳೆಯದು.

ನಮ್ಮ ಚೀಟಿಯಲ್ಲಿ ರೈತರ ಹೆಸರು, ಊರು, ಚೀಲದ ಸಂಖ್ಯೆ, ತೂಕ, ತೇವಾಂಶ, ದರ, ಹಮಾಲಿ, ಒಟ್ಟು ಮೊತ್ತ ಹೀಗೆ ಹದಿನಾಲ್ಕು ಅಂಕಣಗಳಿವೆ. ಪ್ರತಿಯೊಂದಕ್ಕೂ ಕನ್ನಡದ ಹೆಸರು, ಕ್ರಮ, ಅಗಲ ಬೇಕು. ಅದನ್ನೆಲ್ಲ ಪ್ರಿಂಟ್ ಕೋಡ್‌ನಲ್ಲಿ ಒಂದು ಸಲ, ಪರದೆಯ ಕೋಡ್‌ನಲ್ಲಿ ಒಂದು ಸಲ, ಕಂಪ್ಯೂಟರ್‌ಗೆ ಕಳಿಸುವಾಗ ಇನ್ನೊಂದು ಸಲ ಬರೆದರೆ ಮೂರರಲ್ಲಿ ಒಂದು ಕಡೆ ತಪ್ಪುವುದು ಖಂಡಿತ. ಪ್ರಾಪರ್ಟಿಯ ತಲೆಯ ಮೇಲೆಯೇ ಬರೆದಿಟ್ಟರೆ ಮೂರೂ ಕಡೆಯವರು ಅಲ್ಲಿಂದಲೇ ಓದುತ್ತಾರೆ. ಹೊಸ ಅಂಕಣ ಬಂದರೆ ಒಂದೇ ಜಾಗದಲ್ಲಿ ತಿದ್ದಿದರೆ ಸಾಕು.

## ಮಿತಿ ಇರುವ ಫ್ರೇಮ್‌ವರ್ಕ್ ಅಂತೀರಲ್ಲ, ಯಾವ ಮಿತಿ?

ಎಲ್ಲ ಮಿತಿಯೂ ಒಂದೇ ಅಲ್ಲ. ಇದು ತಿಳಿಯದೆ ಹೋದರೆ ದಿನಗಟ್ಟಲೆ ತಪ್ಪಾದ ಕಡೆ ಹುಡುಕುತ್ತೀರಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು, ಸೌಲಭ್ಯವೇ ಇಲ್ಲದಿರುವುದು. ನಮ್ಮ ವಿಂಡೋಸ್ ಸಿಇ ಯಂತ್ರಗಳಲ್ಲಿರುವ ಡಾಟ್ ನೆಟ್ ಕಾಂಪ್ಯಾಕ್ಟ್ ಫ್ರೇಮ್‌ವರ್ಕ್ ಹೀಗೆ. 2003ರಲ್ಲಿ ಅದರ ಮೊದಲ ಆವೃತ್ತಿ ಬಂತು. ಸಣ್ಣ ಯಂತ್ರದಲ್ಲಿ ಹಿಡಿಸಬೇಕು ಅಂತ ದೊಡ್ಡ ಫ್ರೇಮ್‌ವರ್ಕ್‌ನಿಂದ ಬಹಳಷ್ಟು ತೆಗೆದುಹಾಕಿದ್ದರು. ಓಡುವಾಗಲೇ ಹೊಸ ಕೋಡ್ ಹುಟ್ಟಿಸುವ ರಿಫ್ಲೆಕ್ಷನ್ ಎಮಿಟ್ ಅದರಲ್ಲಿ ಇಲ್ಲ.

ಎರಡು, ಸೌಲಭ್ಯ ಇದೆ, ಜಾಗ ಬದಲಾಗಿದೆ. 2012ರಲ್ಲಿ ವಿಂಡೋಸ್ 8ರ ಸ್ಟೋರ್ ಆಪ್‌ಗಳು ಬಂದಾಗ ಟೈಪ್ ಅನ್ನುವ ಕ್ಲಾಸನ್ನು ಎರಡು ಮಾಡಿ, ಅರ್ಧ ಕೆಲಸವನ್ನು ಟೈಪ್‌ಇನ್ಫೋಗೆ ಕೊಟ್ಟರು.

ಮೂರು, ಸೌಲಭ್ಯ ಇದೆ, ಅನುಮತಿ ಇಲ್ಲ. ಬ್ರೌಸರ್ ಒಳಗೆ ಓಡುತ್ತಿದ್ದ ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್‌ನಲ್ಲಿ ಬೇರೆಯವರ ಪ್ರೈವೇಟ್ ಸದಸ್ಯರನ್ನು ರಿಫ್ಲೆಕ್ಷನ್‌ನಿಂದ ಮುಟ್ಟಲು ಹೋದರೆ ಎಕ್ಸೆಪ್ಷನ್ ಬರುತ್ತಿತ್ತು. 2021ರ ಅಕ್ಟೋಬರ್‌ಗೆ ಅದರ ಬೆಂಬಲವೇ ಮುಗಿಯಿತು, ಇನ್ನು ಅದರ ಚಿಂತೆ ಬೇಡ.

ನಾಲ್ಕು, ಸೌಲಭ್ಯವೂ ಇದೆ, ಅನುಮತಿಯೂ ಇದೆ, ಓದಬೇಕಾದ ವಸ್ತುವನ್ನೇ ಕತ್ತರಿಸಿ ಬಿಸಾಕಿದ್ದಾರೆ. ಯೂನಿಟಿಯ ಐಎಲ್2ಸಿಪಿಪಿ (ಸಿ ಶಾರ್ಪ್ ಕೋಡನ್ನು ಸಿ++ಗೆ ಬದಲಿಸಿ ಕಂಪೈಲ್ ಮಾಡುವ ಸಾಧನ), ಮೊಬೈಲ್ ಆಪ್‌ಗಳ ಲಿಂಕರ್, ಓಡುವ ಮೊದಲೇ ಎಲ್ಲವನ್ನೂ ಕಂಪೈಲ್ ಮಾಡಿಡುವ ಈಗಿನ ನೇಟಿವ್ ಎಒಟಿ ಎಲ್ಲ ಈ ಗುಂಪಿಗೆ ಸೇರುತ್ತವೆ. ನಾಲ್ಕರಲ್ಲಿ ಜಾಸ್ತಿ ಕಾಡುವುದು ಇದೇ. ಯಾಕಂದ್ರೆ ಇಲ್ಲಿ ತಪ್ಪು ಅಂತ ಏನೂ ಕಾಣಿಸುವುದಿಲ್ಲ. ಪಟ್ಟಿ ಸುಮ್ನೆ ಖಾಲಿ ಬರುತ್ತದೆ.

## ಕಾಂಪ್ಯಾಕ್ಟ್ ಫ್ರೇಮ್‌ವರ್ಕ್‌ನಲ್ಲಿ ನಾವೇ ಬರೆದ ಆಟ್ರಿಬ್ಯೂಟ್ ಓದಬಹುದಾ?

ಓದಬಹುದು. ಆಗುವುದೇ ಇಲ್ಲ ಅಂತ ಅನೇಕರು ತಿಳಿದಿದ್ದಾರೆ, ಅದು ತಪ್ಪು.

ಸಿಸ್ಟಮ್ ಡಾಟ್ ಆಟ್ರಿಬ್ಯೂಟ್‌ನಿಂದ ಒಂದು ಕ್ಲಾಸ್ ಮಾಡಿಕೊಳ್ಳಿ. ಆಟ್ರಿಬ್ಯೂಟ್‌ಯೂಸೇಜ್ ಹಾಕಿ ಪ್ರಾಪರ್ಟಿಗೆ ಮಾತ್ರ ಅಂತ ಗೊತ್ತುಮಾಡಿ. ಓದುವಾಗ ಟೈಪ್‌ನಿಂದ ಗೆಟ್‌ಪ್ರಾಪರ್ಟೀಸ್ ಕರೆದು, ಸಿಕ್ಕ ಪ್ರತಿ ಪ್ರಾಪರ್ಟಿ ಮೇಲೆ ಗೆಟ್‌ಕಸ್ಟಮ್‌ಆಟ್ರಿಬ್ಯೂಟ್ಸ್ ಕರೆಯಿರಿ. ಮೊದಲ ಜಾಗದಲ್ಲಿ ನಿಮ್ಮ ಆಟ್ರಿಬ್ಯೂಟ್‌ನ ಟೈಪ್, ಎರಡನೆಯದರಲ್ಲಿ ಟ್ರೂ ಅಥವಾ ಫಾಲ್ಸ್. ಒಂದು ಅರೇ ಬರುತ್ತದೆ. ಉದ್ದ ಸೊನ್ನೆಯಾದರೆ ಚೀಟಿ ಇಲ್ಲ. ಇದ್ದರೆ ಮೊದಲನೆಯದನ್ನು ನಿಮ್ಮ ಟೈಪ್‌ಗೆ ಕಾಸ್ಟ್ ಮಾಡಿ.

ಜನ ಎಡವುವುದು ಎರಡು ಕಡೆ. ಒಂದೇ ಆಟ್ರಿಬ್ಯೂಟನ್ನು ನೇರವಾಗಿ ಕೊಡುವ, ಕೋನ ಆವರಣದಲ್ಲಿ ಟೈಪ್ ಬರೆಯುವ ಚಿಕ್ಕ ರೂಪ ಡಾಟ್ ನೆಟ್ 4.5ರ ಜೊತೆ, ಅಂದರೆ 2012ರಲ್ಲಿ ಬಂದದ್ದು. ಕಾಂಪ್ಯಾಕ್ಟ್ 3.5ರಲ್ಲಿ ಅದು ಎಲ್ಲಿಂದ ಬರಬೇಕು? ಇನ್ನೊಂದು, ಡೆಸ್ಕ್‌ಟಾಪ್‌ನಲ್ಲಿ ಎಲ್ಲರೂ ಬಳಸುವ ಡಿಸ್ಕ್ರಿಪ್ಷನ್ ಆಟ್ರಿಬ್ಯೂಟ್ ಅಲ್ಲಿಲ್ಲ. ಅದಕ್ಕೆ ಉಪಾಯ ಸುಲಭ. ಒಂದು ಸ್ಟ್ರಿಂಗ್ ಹಿಡಿಯುವ ನಿಮ್ಮದೇ ಆಟ್ರಿಬ್ಯೂಟ್ ಬರೆಯಿರಿ, ಹತ್ತು ಸಾಲೂ ಆಗುವುದಿಲ್ಲ. ನಾವು ಅದಕ್ಕೆ `ಅಂಕಣ` ಅಂತಲೇ ಹೆಸರಿಟ್ಟಿದ್ದೇವೆ. ಸಿ ಶಾರ್ಪ್‌ನಲ್ಲಿ ಕ್ಲಾಸಿನ ಹೆಸರನ್ನು ಕನ್ನಡ ಅಕ್ಷರದಲ್ಲೂ ಬರೆಯಬಹುದು. ಇದನ್ನು ಮೊದಲ ಸಲ ಕೇಳಿದ ಹುಡುಗರ ಮುಖ ಅರಳುವುದನ್ನು ನೋಡುವುದೇ ಒಂದು ಖುಷಿ.

## ಈನಮ್‌ನ ಹೆಸರುಗಳು ಕನ್ನಡದಲ್ಲಿ ಬರಬೇಕು. ಏನು ಮಾಡಲಿ?

ಕಾಂಪ್ಯಾಕ್ಟ್‌ನಲ್ಲಿ ಈನಮ್‌ನ ಗೆಟ್‌ನೇಮ್ಸ್, ಗೆಟ್‌ವ್ಯಾಲ್ಯೂಸ್ ಎರಡೂ ಇಲ್ಲ. ಆದರೆ ಈನಮ್‌ನ (ಹೆಸರಿಟ್ಟ ಬೆಲೆಗಳ ಪಟ್ಟಿಯ) ಪ್ರತಿ ಹೆಸರೂ ಒಳಗೆ ಒಂದು ಸ್ಟ್ಯಾಟಿಕ್ ಫೀಲ್ಡ್. ಹಾಗಾಗಿ ಈನಮ್‌ನ ಟೈಪ್ ಮೇಲೆ ಗೆಟ್‌ಫೀಲ್ಡ್ಸ್ ಕರೆದು, ಪಬ್ಲಿಕ್ ಮತ್ತು ಸ್ಟ್ಯಾಟಿಕ್ ಎರಡೂ ಗುರುತು ಕೊಡಿ. ಪ್ರತಿ ಫೀಲ್ಡ್ ಮೇಲಿನ ಆಟ್ರಿಬ್ಯೂಟ್ ಓದಿ. ಯಾವ ಗುರುತೂ ಕೊಡದೆ ಕರೆದರೆ ಬೆಲೆ ಹಿಡಿದಿಡುವ ಒಳಗಿನ ಫೀಲ್ಡ್ ಕೂಡ ಬಂದು ಸೇರಬಹುದು, ಅದಕ್ಕೆ ಎರಡೂ ಬೇಕು.

ಕಾಳಿನ ದರ್ಜೆ, ಚೀಲದ ಬಗೆ, ಹಣ ಕೊಟ್ಟ ರೀತಿ ಎಲ್ಲಕ್ಕೂ ನಾವು ಇದೇ ದಾರಿ ಹಿಡಿದಿದ್ದೇವೆ. ಇದು ದೊಡ್ಡ ಫ್ರೇಮ್‌ವರ್ಕ್‌ನಲ್ಲೂ ಹಾಗೇ ನಡೆಯುತ್ತದೆ.

## ಆಟ್ರಿಬ್ಯೂಟ್‌ನ ಕನ್‌ಸ್ಟ್ರಕ್ಟರ್ ಯಾವಾಗ ಓಡುತ್ತದೆ?

ನೀವು ಓದಿದಾಗ. ಪ್ರೋಗ್ರಾಂ ಶುರುವಾದಾಗ ಅಲ್ಲ, ಆ ಕ್ಲಾಸಿನ ಆಬ್ಜೆಕ್ಟ್ ಮಾಡಿದಾಗಲೂ ಅಲ್ಲ. ಮೆಟಾಡೇಟಾದಲ್ಲಿ ಇರುವುದು ಯಾವ ಕನ್‌ಸ್ಟ್ರಕ್ಟರ್, ಯಾವ ಬೆಲೆಗಳು ಅನ್ನುವ ಟಿಪ್ಪಣಿ ಮಾತ್ರ. ಗೆಟ್‌ಕಸ್ಟಮ್‌ಆಟ್ರಿಬ್ಯೂಟ್ಸ್ ಕರೆದಾಗ ಆ ಟಿಪ್ಪಣಿ ನೋಡಿ ಆಬ್ಜೆಕ್ಟ್ ಕಟ್ಟುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿ ಎಕ್ಸೆಪ್ಷನ್ ಇದ್ದರೆ ಅದೂ ಆಗಲೇ ಬರುತ್ತದೆ.

ಇನ್ನೊಂದು ಸಲ ಕರೆದರೆ ಇನ್ನೊಂದು ಹೊಸ ಆಬ್ಜೆಕ್ಟ್. ಇದು ನಮ್ಮನ್ನು ಒಂದು ಇಡೀ ಸಂಜೆ ಕೂರಿಸಿತ್ತು. ಅಂಕಣದ ಅಗಲವನ್ನು ಅಳೆದು, ಅದನ್ನು ಆಟ್ರಿಬ್ಯೂಟ್ ಆಬ್ಜೆಕ್ಟ್‌ನಲ್ಲೇ ಬರೆದಿಟ್ಟೆವು. ಮುಂದಿನ ಸಲ ಓದಿದಾಗ ಅಗಲ ಮತ್ತೆ ಸೊನ್ನೆ. ನಾವು ಬರೆದದ್ದು ನಮ್ಮ ಕೈಯಲ್ಲಿದ್ದ ನಕಲಿನ ಮೇಲೆ, ಅಸೆಂಬ್ಲಿಯಲ್ಲಿನ ಚೀಟಿಯ ಮೇಲೆ ಅಲ್ಲ. ಆವತ್ತಿನಿಂದ ನಮ್ಮ ಆಟ್ರಿಬ್ಯೂಟ್ ಕ್ಲಾಸ್‌ಗಳಲ್ಲಿ ನಾವಾಗಿ ಬದಲಾಯಿಸುವ ಬೆಲೆ ಒಂದೂ ಇಲ್ಲ. ಲೆಕ್ಕ ಹಾಕಿ ಸಿಕ್ಕಿದ್ದನ್ನು ಇಡಲು ಬೇರೆ ಕ್ಲಾಸ್ ಇದೆ.

ಚೀಟಿ ಇದೆಯೋ ಇಲ್ಲವೋ ಅಷ್ಟೇ ಗೊತ್ತಾಗಬೇಕಾದರೆ ಈಸ್‌ಡಿಫೈನ್ಡ್ ಕರೆಯಿರಿ. ಅದು ಆಬ್ಜೆಕ್ಟ್ ಕಟ್ಟುವುದಿಲ್ಲ.

## ಸೆಸ್ ದರವನ್ನು ಆಟ್ರಿಬ್ಯೂಟ್‌ನಲ್ಲಿ ಹಾಕಿದೆ, ಕಂಪೈಲರ್ ಒಪ್ಪುತ್ತಿಲ್ಲ. ಯಾಕೆ?

ಡೆಸಿಮಲ್ ಬಳಸಿರುತ್ತೀರಿ. ಹಣದ ಲೆಕ್ಕಕ್ಕೆ ಡೆಸಿಮಲ್ ಸರಿಯಾದ ಆಯ್ಕೆಯೇ, ಆದರೆ ಆಟ್ರಿಬ್ಯೂಟ್‌ಗೆ ಅದನ್ನು ಕೊಡಲು ಬರುವುದಿಲ್ಲ. ದಿನಾಂಕವೂ ಆಗುವುದಿಲ್ಲ. ಪೂರ್ಣಸಂಖ್ಯೆಗಳು, ಫ್ಲೋಟ್, ಡಬಲ್, ಬೂಲ್, ಕ್ಯಾರ್, ಸ್ಟ್ರಿಂಗ್, ಈನಮ್, ಟೈಪ್, ಆಬ್ಜೆಕ್ಟ್, ಮತ್ತು ಇವುಗಳ ಒಂದು ಸಾಲಿನ ಅರೇ ಮಾತ್ರ ಆಗುತ್ತವೆ. ಬೆಲೆ ಕೂಡ ಕಂಪೈಲ್ ಮಾಡುವಾಗಲೇ ಗೊತ್ತಿರಬೇಕು.

ಬೇಕೇ ಬೇಕು ಅಂದ್ರೆ ಪೈಸೆ ಲೆಕ್ಕದಲ್ಲಿ ಪೂರ್ಣಸಂಖ್ಯೆ ಕೊಡಬಹುದು. ಆದರೆ ನನ್ನ ಮಾತು ಕೇಳುವುದಾದರೆ ದರವನ್ನು ಅಲ್ಲಿ ಇಡಲೇಬೇಡಿ. ಸೆಸ್, ದಲಾಲಿ, ಹಮಾಲಿ ಎಲ್ಲ ಬದಲಾಗುವ ದರಗಳು. ಆಟ್ರಿಬ್ಯೂಟ್‌ನಲ್ಲಿ ಹಾಕಿದರೆ ದರ ಬದಲಾದಾಗಲೆಲ್ಲ ಮತ್ತೆ ಕಂಪೈಲ್ ಮಾಡಿ, ಅಂಗಡಿ ಅಂಗಡಿಗೆ ಹೋಗಿ, ಪ್ರತಿ ಯಂತ್ರಕ್ಕೂ ಹಾಕಬೇಕು. ಅಂಕಣದ ಹೆಸರು ಬದಲಾಗುವುದು ಅಪರೂಪ, ಅದು ಆಟ್ರಿಬ್ಯೂಟ್‌ನಲ್ಲಿರಲಿ. ದರ ಡೇಟಾಬೇಸ್‌ನಲ್ಲಿರಲಿ.

## ಅಂಕಣಗಳು ನಾನು ಬರೆದ ಕ್ರಮದಲ್ಲೇ ಬರುತ್ತವೆ ಅಲ್ವಾ?

ಬರುತ್ತವೆ ಅಂತ ನಂಬಬೇಡಿ. ಡಾಟ್ ನೆಟ್ 6ರವರೆಗೆ ಗೆಟ್‌ಪ್ರಾಪರ್ಟೀಸ್ ಯಾವ ಕ್ರಮದಲ್ಲಿ ಕೊಡುತ್ತದೆ ಅನ್ನುವುದಕ್ಕೆ ಭರವಸೆಯೇ ಇರಲಿಲ್ಲ. 7ರಿಂದ ಮೆಟಾಡೇಟಾದ ಕ್ರಮದಲ್ಲಿ ಕೊಡುತ್ತದೆ. ಹಾಗಿದ್ದರೂ ತಾಯಿ ಕ್ಲಾಸ್‌ನ (ಬೇಸ್ ಕ್ಲಾಸ್) ಪ್ರಾಪರ್ಟಿಗಳು ಮಗು ಕ್ಲಾಸ್‌ನವುಗಳ ನಂತರ ಬರುತ್ತವೆ.

ನಮಗೆ ಈ ಪಾಠ ಯಾರ್ಡ್‌ನಲ್ಲೇ ಆಯಿತು. ಒಂದು ಅಂಗಡಿಯ ಚೀಟಿ ಪುಸ್ತಕದಲ್ಲಿ ಅಂಕಣದ ತಲೆಬರಹ ಮೊದಲೇ ಅಚ್ಚಾಗಿತ್ತು. ನಾವು ಬೆಲೆಗಳನ್ನು ಮಾತ್ರ ಸಾಲಾಗಿ ಪ್ರಿಂಟ್ ಮಾಡುತ್ತಿದ್ದೆವು. ಎಲ್ಲ ಚೀಟಿಗೂ ಸಾಮಾನ್ಯವಾದ ಮೂರು ಪ್ರಾಪರ್ಟಿಗಳನ್ನು ಒಂದು ದಿನ ತಾಯಿ ಕ್ಲಾಸ್‌ಗೆ ಸಾಗಿಸಿದೆವು. ಕೋಡ್ ಚೆಂದ ಕಾಣಿಸಿತು. ಆ ಮೂರೂ ಪಟ್ಟಿಯ ಕೊನೆಗೆ ಹೋಗಿದ್ದು ನಮಗೆ ಗೊತ್ತಾಗಲಿಲ್ಲ. ಮಾರನೇ ದಿನ ಜಗಳೂರು ಕಡೆಯ ಒಬ್ಬ ಹಿರಿಯ ರೈತರು ಚೀಟಿ ಹಿಡಿದುಕೊಂಡು ಬಂದು, “ತಮ್ಮಾ, ಇದ್ರಾಗ ತೂಕ ಎಲ್ಲೈತಿ?” ಅಂತ ಕೇಳಿದರು. ತೂಕದ ಜಾಗದಲ್ಲಿ ದರ ಕೂತಿತ್ತು. ಮೊತ್ತ ಸರಿಯಾಗಿಯೇ ಇತ್ತು, ಅವರಿಗೆ ನಷ್ಟ ಆಗಲಿಲ್ಲ. ಆದರೂ ಇಡೀ ವರ್ಷದ ಬೆಳೆ ತಂದು ಸುರಿದವರ ಕೈಗೆ ಅಂಥ ಚೀಟಿ ಕೊಟ್ಟಿದ್ದು ನನಗೆ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಆಟ್ರಿಬ್ಯೂಟ್‌ನಲ್ಲೇ ಕ್ರಮಸಂಖ್ಯೆ ಇಡಿ. ಓದಿದ ಮೇಲೆ ಅದರ ಪ್ರಕಾರ ಜೋಡಿಸಿ. ಸಂಖ್ಯೆಯನ್ನು 10, 20, 30 ಅಂತ ಬಿಟ್ಟು ಬಿಟ್ಟು ಕೊಟ್ಟರೆ ಮಧ್ಯೆ ಹೊಸದು ಸೇರಿಸುವುದು ಸುಲಭ. ಎರಡು ಅಂಕಣಕ್ಕೆ ಒಂದೇ ಸಂಖ್ಯೆ ಬಿದ್ದರೆ ಪ್ರೋಗ್ರಾಂ ಶುರುವಾಗುವಾಗಲೇ ನಿಲ್ಲಿಸಿ ತಪ್ಪು ತೋರಿಸಲಿ.

## ಕಂಪ್ಯೂಟರ್‌ನಲ್ಲಿ ಆಟ್ರಿಬ್ಯೂಟ್ ಸಿಗುತ್ತೆ, ಯಂತ್ರದಲ್ಲಿ ಖಾಲಿ ಬರುತ್ತೆ. ಎಲ್ಲಿ ಹುಡುಕಲಿ?

ಮೊದಲು ನೋಡಬೇಕಾದದ್ದು, ಆಟ್ರಿಬ್ಯೂಟ್ ಕ್ಲಾಸ್ ಎಷ್ಟು ಅಸೆಂಬ್ಲಿಗಳಲ್ಲಿದೆ? ಒಂದೇ ಫೈಲನ್ನು ಎರಡು ಪ್ರಾಜೆಕ್ಟ್‌ಗೆ ಲಿಂಕ್ ಮಾಡಿ ಸೇರಿಸುವ ಅಭ್ಯಾಸ ಸಣ್ಣ ಯಂತ್ರದ ಕೆಲಸದಲ್ಲಿ ಬಹಳ ಇದೆ. ಆಗ ಹೆಸರು ಒಂದೇ, ಕೋಡ್ ಒಂದೇ, ಆದರೆ ರನ್‌ಟೈಮ್‌ನ ಕಣ್ಣಿಗೆ ಎರಡು ಬೇರೆ ಬೇರೆ ಟೈಪ್‌ಗಳು. ಒಂದು ಅಸೆಂಬ್ಲಿಯ `ಅಂಕಣ` ಹಚ್ಚಿ, ಇನ್ನೊಂದು ಅಸೆಂಬ್ಲಿಯ `ಅಂಕಣ` ಹುಡುಕಿದರೆ ಸಿಗುವುದೇ ಇಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಆಟ್ರಿಬ್ಯೂಟ್‌ಗಳನ್ನೆಲ್ಲ ಒಂದು ಸಣ್ಣ ಅಸೆಂಬ್ಲಿಯಲ್ಲಿಟ್ಟು ಉಳಿದವರು ಅದನ್ನೇ ರೆಫರೆನ್ಸ್ ಮಾಡಿದರೆ ಈ ಕಾಟ ಇಲ್ಲ.

ಆಮೇಲೆ, ಆಟ್ರಿಬ್ಯೂಟ್ ಕ್ಲಾಸಿನ ಮೇಲೆ ಕಂಡೀಷನಲ್ ಅಂತ ಇದೆಯಾ ನೋಡಿ. ಇದ್ದರೆ, ಹೇಳಿದ ಗುರುತು ಬಿಲ್ಡ್‌ನಲ್ಲಿ ಇಲ್ಲದಿದ್ದಾಗ ಕಂಪೈಲರ್ ಚೀಟಿಯನ್ನು ಮೆಟಾಡೇಟಾಗೆ ಬರೆಯುವುದೇ ಇಲ್ಲ. ಡೀಬಗ್ ಬಿಲ್ಡ್‌ನಲ್ಲಿ ಸಿಕ್ಕಿ, ರಿಲೀಸ್ ಬಿಲ್ಡ್‌ನಲ್ಲಿ ಮಾಯವಾದರೆ ಇದನ್ನು ಅನುಮಾನಿಸಿ.

ಹೊಸ ಕಾಲದ ಮೊಬೈಲ್ ಆಪ್ ಆದರೆ ಟ್ರಿಮ್ಮಿಂಗ್ (ಬಳಕೆಯಾಗದ ಕೋಡನ್ನು ಬಿಲ್ಡ್ ಮಾಡುವಾಗಲೇ ಕತ್ತರಿಸುವುದು) ಮೇಲೆ ಅನುಮಾನ ಪಡಿ. ಅದಕ್ಕೆ ಕೆಳಗೆ ಬೇರೆಯೇ ಉತ್ತರ ಇದೆ.

## ತಾಯಿ ಕ್ಲಾಸ್‌ನ ಆಟ್ರಿಬ್ಯೂಟ್ ಮಗುವಿಗೂ ಬರುತ್ತಾ?

ಕ್ಲಾಸ್ ಮೇಲಿನದು ಬರುತ್ತದೆ, ಆಟ್ರಿಬ್ಯೂಟ್‌ಯೂಸೇಜ್‌ನಲ್ಲಿ ಇನ್‌ಹೆರಿಟೆಡ್ ಫಾಲ್ಸ್ ಮಾಡಿಲ್ಲ ಅಂದ್ರೆ. ಪ್ರಾಪರ್ಟಿ ವಿಷಯದಲ್ಲಿ ಹುಷಾರು. ಪ್ರಾಪರ್ಟಿಯನ್ನು ಮಗು ಕ್ಲಾಸ್‌ನಲ್ಲಿ ಓವರ್‌ರೈಡ್ ಮಾಡಿದ್ದರೆ, ಪ್ರಾಪರ್ಟಿಇನ್ಫೋ ಮೇಲೆ ನೇರವಾಗಿ ಕರೆದ ಗೆಟ್‌ಕಸ್ಟಮ್‌ಆಟ್ರಿಬ್ಯೂಟ್ಸ್ ನೀವು ಕೊಟ್ಟ ಟ್ರೂ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೊಡ್ಡ ಫ್ರೇಮ್‌ವರ್ಕ್‌ನಲ್ಲಿ ಆಟ್ರಿಬ್ಯೂಟ್ ಕ್ಲಾಸ್‌ನ ಸ್ಟ್ಯಾಟಿಕ್ ಮೆಥಡ್ ಬಳಸಿದರೆ ಅದು ಮೇಲಿನವರೆಗೂ ಹೋಗಿ ಹುಡುಕುತ್ತದೆ. ಇಂಟರ್‌ಫೇಸ್ ಮೇಲೆ ಹಾಕಿದ್ದು ಅದನ್ನು ಪಾಲಿಸುವ ಕ್ಲಾಸ್‌ಗೆ ಬರುವುದೇ ಇಲ್ಲ.

ಓವರ್‌ರೈಡ್ ಮಾಡಿದ ಕಡೆ ಆಟ್ರಿಬ್ಯೂಟನ್ನು ಮತ್ತೆ ಬರೆದುಬಿಡಿ. ಒಂದು ಸಾಲು ಜಾಸ್ತಿ ಆದರೂ ಎಲ್ಲ ಫ್ರೇಮ್‌ವರ್ಕ್‌ನಲ್ಲೂ ಒಂದೇ ಥರ ನಡೆಯುತ್ತದೆ.

## ರಿಫ್ಲೆಕ್ಷನ್ ನಿಧಾನ ಅಂತಾರೆ. ಹಳೆಯ ಯಂತ್ರದಲ್ಲಿ ಪರವಾಗಿಲ್ವಾ?

ಒಂದು ಸಲ ಓದಿದರೆ ಪರವಾಗಿಲ್ಲ. ಪ್ರತಿ ಚೀಟಿಗೂ ಓದಿದರೆ ಕಷ್ಟ.

ಕಾಂಪ್ಯಾಕ್ಟ್ ಫ್ರೇಮ್‌ವರ್ಕ್‌ನಲ್ಲಿ ಸುಮಾರು 1 ಎಂಬಿ ಮೆಮೊರಿ ಹಂಚಿದಾಗಲೆಲ್ಲ, ಬೇಡದ ಆಬ್ಜೆಕ್ಟ್‌ಗಳನ್ನು ತೆಗೆಯುವ ಗಾರ್ಬೇಜ್ ಕಲೆಕ್ಟರ್ ಎದ್ದು ಗುಡಿಸಲು ಶುರು ಮಾಡುತ್ತದೆ. ಡೆಸ್ಕ್‌ಟಾಪ್‌ನ ಹಾಗೆ ಹೊಸದು, ಹಳೆಯದು ಅಂತ ತಲೆಮಾರು ಮಾಡಿ ನೋಡುವುದಿಲ್ಲ. ಇದ್ದಿದ್ದೆಲ್ಲವನ್ನೂ ನೋಡುತ್ತದೆ. ಆಟ್ರಿಬ್ಯೂಟ್ ಓದಿದಾಗಲೆಲ್ಲ ಹೊಸ ಅರೇ, ಹೊಸ ಆಬ್ಜೆಕ್ಟ್‌ಗಳು ಹುಟ್ಟುತ್ತವೆ ಅಂತ ಮೇಲೆ ಹೇಳಿದೆನಲ್ಲ, ಅವೆಲ್ಲ ಈ ಲೆಕ್ಕಕ್ಕೆ ಸೇರುತ್ತವೆ. ಅದರ ಮೇಲೆ, ವಿಂಡೋಸ್ ಸಿಇ 5 ಮತ್ತು ಅದಕ್ಕಿಂತ ಹಿಂದಿನವುಗಳಲ್ಲಿ ಒಂದು ಪ್ರೋಗ್ರಾಂಗೆ ಸಿಗುತ್ತಿದ್ದ ವಿಳಾಸದ ಜಾಗವೇ 32 ಎಂಬಿ. ಸಿಇ 6ರಲ್ಲಿ ಅದು 2 ಜಿಬಿ ಆಯಿತು. ಮೆಮೊರಿ ತೀರಾ ಕಡಿಮೆಯಾದರೆ ರನ್‌ಟೈಮ್ ಕಂಪೈಲ್ ಮಾಡಿಟ್ಟ ಕೋಡನ್ನೇ ಬಿಸಾಕಿ, ಬೇಕಾದಾಗ ಮತ್ತೆ ಕಂಪೈಲ್ ಮಾಡುತ್ತದೆ. ಸಾಲಿನಲ್ಲಿ ಹತ್ತು ಜನ ಕಾಯುತ್ತಿರುವಾಗ ಯಂತ್ರ ಎರಡು ಸೆಕೆಂಡ್ ನಿಂತರೂ ಅದು ಬಹಳ ಉದ್ದ ಅನಿಸುತ್ತದೆ.

ನಾವು ಮಾಡುವುದು ಇಷ್ಟು. ಪ್ರೋಗ್ರಾಂ ಶುರುವಾಗುವಾಗ, ಅಂಗಡಿಯ ಹೆಸರಿನ ಪರದೆ ಕಾಣುತ್ತಿರುವಾಗಲೇ ಎಲ್ಲ ಆಟ್ರಿಬ್ಯೂಟ್ ಓದಿ ಮುಗಿಸುತ್ತೇವೆ. ಓದಿದ್ದನ್ನು ನಮ್ಮದೇ ಸಾದಾ ಕ್ಲಾಸಿನ ಆಬ್ಜೆಕ್ಟ್‌ಗಳಾಗಿ ಮಾಡಿ, ಟೈಪ್‌ನ ಹೆಸರಲ್ಲಿ ಒಂದು ಡಿಕ್ಷನರಿಯಲ್ಲಿ ಇಡುತ್ತೇವೆ. ಆಮೇಲೆ ದಿನವಿಡೀ ಆಟ್ರಿಬ್ಯೂಟ್ ಕಡೆ ತಿರುಗಿಯೂ ನೋಡುವುದಿಲ್ಲ. ಎರಡು ಥ್ರೆಡ್‌ಗಳು ಆ ಡಿಕ್ಷನರಿ ಮುಟ್ಟುವ ಸಾಧ್ಯತೆ ಇದ್ದರೆ ಲಾಕ್ ಹಾಕಿ. ಕನ್‌ಕರೆಂಟ್ ಡಿಕ್ಷನರಿ ಡಾಟ್ ನೆಟ್ 4ರಲ್ಲಿ ಬಂದದ್ದು, 3.5ರಲ್ಲಿ ಸಿಗುವುದಿಲ್ಲ.

## ಆಟ್ರಿಬ್ಯೂಟ್‌ನಲ್ಲಿ ಕನ್ನಡ ಬರೆದರೆ ತೊಂದರೆ ಏನಾದ್ರೂ ಇದೆಯಾ?

ಬರೆಯಲು ತೊಂದರೆ ಇಲ್ಲ. ಹೋಲಿಸಲು ಇದೆ.

“ಲಾಟ್” ಅಂತ ಎರಡು ಕಡೆ ಬರೆದಿದ್ದೀರಿ ಅಂದುಕೊಳ್ಳಿ. ಕಣ್ಣಿಗೆ ಎರಡೂ ಒಂದೇ. ಆದರೆ ಒಂದರಲ್ಲಿ ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಕೊನೆಯಲ್ಲಿ ಉಳಿದಿರಬಹುದು. ಕನ್ನಡ ಟೈಪ್ ಮಾಡುವಾಗ, ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸುವಾಗ ಅದು ಸುಲಭವಾಗಿ ಸೇರಿಕೊಳ್ಳುತ್ತದೆ. ಆಗ ಒಂದರ ಉದ್ದ 4, ಇನ್ನೊಂದರದು 5. ಕೋಡ್‌ನಲ್ಲಿ ಎರಡನ್ನೂ ಹೋಲಿಸಿದರೆ ಬೇರೆ ಅನ್ನುತ್ತದೆ. ಕ್ಲಾಸ್, ಪ್ರಾಪರ್ಟಿ ಹೆಸರುಗಳಲ್ಲಿ ಈ ಗುರುತು ಇದ್ದರೆ ಸಿ ಶಾರ್ಪ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಟ್ರಿಂಗ್ ಒಳಗೆ ಹಿಡಿಯುತ್ತದೆ. ಆದ್ದರಿಂದ ಕನ್ನಡದ ಹೆಸರು ತೋರಿಸಲು ಮಾತ್ರ ಇರಲಿ. ಹುಡುಕಲು ಕ್ರಮಸಂಖ್ಯೆಯನ್ನೋ ಈನಮ್ ಅನ್ನೋ ಬಳಸಿ.

ಅಗಲದ ಲೆಕ್ಕವೂ ಹೀಗೆಯೇ. “ತೇವಾಂಶ” ನಮಗೆ ಮೂರು ಅಕ್ಷರ, ಸ್ಟ್ರಿಂಗ್‌ಗೆ ಆರು. ಖಾಲಿ ಜಾಗ ತುಂಬಿ ಅಂಕಣ ನೇರ ಮಾಡುವ ಡೆಸ್ಕ್‌ಟಾಪ್ ಉಪಾಯ ಇಲ್ಲಿ ನಡೆಯುವುದಿಲ್ಲ. ಬರಹವನ್ನು ಚಿತ್ರಿಸುವ ಗ್ರಾಫಿಕ್ಸ್‌ನಿಂದಲೇ ಅಗಲ ಅಳೆಯಿರಿ. ಹಳೆಯ ಯಂತ್ರದಲ್ಲಿ ಕನ್ನಡ ಫಾಂಟ್, ಒತ್ತಕ್ಷರ ಜೋಡಿಸುವ ವ್ಯವಸ್ಥೆ ಎರಡೂ ಇದೆಯೇ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಬರೀ ಚೌಕಗಳು ಕಾಣುತ್ತವೆ. ಅಂಥ ಯಂತ್ರಗಳಿಗೆ ನಾವು ಅಂಕಣದ ಹೆಸರುಗಳನ್ನು ಮೊದಲೇ ಚಿತ್ರ ಮಾಡಿಟ್ಟು, ಆಟ್ರಿಬ್ಯೂಟ್‌ನಲ್ಲಿ ಚಿತ್ರದ ಸಂಖ್ಯೆ ಕೊಟ್ಟಿದ್ದೇವೆ. ರೈತರ ಕೈಗೆ ಹೋಗುವ ಚೀಟಿ ಕನ್ನಡದಲ್ಲೇ ಇರಬೇಕು ಅನ್ನುವುದರಲ್ಲಿ ನಾವು ರಾಜಿ ಮಾಡಿಕೊಂಡಿಲ್ಲ.

## ಗೆಟ್‌ಟೈಪ್‌ಇನ್ಫೋ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನಗೂ ಬೇಕಾ?

ಹಳೆಯ ಸ್ಟೋರ್ ಆಪ್, ಪೋರ್ಟಬಲ್ ಲೈಬ್ರರಿ ಅಥವಾ ಡಾಟ್ ನೆಟ್ ಸ್ಟ್ಯಾಂಡರ್ಡ್ 1ರ ಆವೃತ್ತಿಗಳಿಗೆ ಬರೆಯುವುದಾದರೆ ಬೇಕು. ಅಲ್ಲಿ ಟೈಪ್ ಮೇಲೆ ನೇರವಾಗಿ ಆಟ್ರಿಬ್ಯೂಟ್ ಕೇಳಲು ಬರುವುದಿಲ್ಲ. ಗೆಟ್‌ಟೈಪ್‌ಇನ್ಫೋ ಕರೆದು, ಬಂದದ್ದರ ಮೇಲೆ ಕೇಳಬೇಕು. ಸಿಸ್ಟಮ್ ಡಾಟ್ ರಿಫ್ಲೆಕ್ಷನ್ ನೇಮ್‌ಸ್ಪೇಸನ್ನು ಫೈಲಿನ ಮೇಲೆ ಸೇರಿಸದಿದ್ದರೆ ಆ ಮೆಥಡ್ ಇಲ್ಲವೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. 2017ರಲ್ಲಿ ಸ್ಟ್ಯಾಂಡರ್ಡ್ 2.0 ಬಂದಾಗ ಹಳೆಯ ದಾರಿ ವಾಪಸ್ ಬಂತು. ಹೊಸ ಕೋಡ್‌ಗೆ ಬೇಡ.

## ಟ್ರಿಮ್ಮಿಂಗ್ ಆದ ಮೇಲೆ ಪ್ರಾಪರ್ಟಿಗಳೇ ಮಾಯವಾಗುತ್ತಿವೆ. ಏನು ಮಾಡಬೇಕು?

ಮೊದಲು ಅದು ಹೇಗೆ ಯೋಚಿಸುತ್ತದೆ ಅಂತ ನೋಡಿ. ಟ್ರಿಮ್ಮರ್ ನಿಮ್ಮ ಕೋಡ್ ಓದುತ್ತಾ, ಯಾರು ಯಾರನ್ನು ಕರೆಯುತ್ತಾರೆ ಅಂತ ಗುರುತು ಹಾಕುತ್ತಾ ಹೋಗುತ್ತದೆ. ಗುರುತು ಬೀಳದಿದ್ದನ್ನು ತೆಗೆದುಹಾಕುತ್ತದೆ. ರಿಫ್ಲೆಕ್ಷನ್‌ನಿಂದ ಮಾತ್ರ ಓದುವ ಪ್ರಾಪರ್ಟಿಯನ್ನು ಕೋಡ್‌ನಲ್ಲಿ ಯಾರೂ ಹೆಸರು ಹಿಡಿದು ಕರೆದಿರುವುದಿಲ್ಲ. ಟ್ರಿಮ್ಮರ್ ದೃಷ್ಟಿಯಲ್ಲಿ ಅದು ಯಾರಿಗೂ ಬೇಡದ್ದು.

ಟೈಪ್‌ಆಫ್ ಅಂತ ಕ್ಲಾಸಿನ ಹೆಸರನ್ನು ನೇರವಾಗಿ ಬರೆದು ಅದರ ಮೇಲೆಯೇ ಗೆಟ್‌ಪ್ರಾಪರ್ಟೀಸ್ ಕರೆದರೆ ಅದು ಅರ್ಥ ಮಾಡಿಕೊಳ್ಳುತ್ತದೆ, ಆ ಕ್ಲಾಸಿನ ಪಬ್ಲಿಕ್ ಪ್ರಾಪರ್ಟಿಗಳನ್ನು ಉಳಿಸುತ್ತದೆ. ಆಬ್ಜೆಕ್ಟ್ ಹಿಡಿದು ಗೆಟ್‌ಟೈಪ್ ಕರೆದು ಮುಂದುವರಿದರೆ ಅದಕ್ಕೆ ಯಾವ ಟೈಪ್ ಬರುತ್ತದೆ ಅಂತ ಗೊತ್ತಾಗುವುದಿಲ್ಲ. ಆಗ ಐಎಲ್ 2075 ಅನ್ನುವ ಎಚ್ಚರಿಕೆ ಬರುತ್ತದೆ. ಐಎಲ್ 2026 ಬಂದರೆ, ನೀವು ಕರೆದ ಮೆಥಡ್ ಟ್ರಿಮ್ಮಿಂಗ್ ಜೊತೆ ಹೊಂದುವುದಿಲ್ಲ ಅಂತ ಅದನ್ನು ಬರೆದವರೇ ಹೇಳಿದ್ದಾರೆ ಎಂದು ಅರ್ಥ. ದಯವಿಟ್ಟು ಈ ಎಚ್ಚರಿಕೆಗಳನ್ನು ಮುಚ್ಚಿಹಾಕಬೇಡಿ. ಬಿಲ್ಡ್ ಹಸಿರಾಗಿ ಕಾಣಲಿ ಅಂತ ಒಬ್ಬ ಹುಡುಗ ಹಾಗೆ ಮಾಡಿದ್ದ. ಚೀಟಿಯಲ್ಲಿ ನಾಲ್ಕು ಅಂಕಣ ಬರದೇ ಹೋದಾಗ ಕಾರಣ ಹುಡುಕಲು ಎರಡು ದಿನ ಬೇಕಾಯಿತು.

ಸರಿಯಾದ ದಾರಿ ಅಂದ್ರೆ, ಟೈಪ್ ತೆಗೆದುಕೊಳ್ಳುವ ಜಾಗದ ಮೇಲೆ ಡೈನಾಮಿಕಲಿ ಆಕ್ಸೆಸ್ಡ್ ಮೆಂಬರ್ಸ್ ಅನ್ನುವ ಆಟ್ರಿಬ್ಯೂಟ್ ಹಾಕಿ, ಪಬ್ಲಿಕ್ ಪ್ರಾಪರ್ಟಿಗಳು ಬೇಕು ಅಂತ ಹೇಳುವುದು. ಜೆನೆರಿಕ್ ಮೆಥಡ್ ಆದರೆ ಟೈಪ್ ಪ್ಯಾರಾಮೀಟರ್ ಮೇಲೂ ಹಾಕಬಹುದು. ಆಟ್ರಿಬ್ಯೂಟ್ ಓದುವ ಕೆಲಸವನ್ನು ಕಾಯಲು ಇನ್ನೊಂದು ಆಟ್ರಿಬ್ಯೂಟ್!

ಯೂನಿಟಿಯಲ್ಲಿ ಲಿಂಕ್ ಡಾಟ್ ಎಕ್ಸ್‌ಎಂಎಲ್ ಫೈಲಿನಲ್ಲಿ ಉಳಿಸಬೇಕಾದ ಕ್ಲಾಸ್‌ಗಳ ಹೆಸರು ಬರೆಯಿರಿ, ಅಥವಾ ಪ್ರಿಸರ್ವ್ ಅನ್ನುವ ಆಟ್ರಿಬ್ಯೂಟ್ ಹಾಕಿ. ಐಫೋನ್‌ನಲ್ಲಿ ಆಪ್‌ಗಳಿಗೆ ಓಡುವಾಗ ಕೋಡ್ ಕಂಪೈಲ್ ಮಾಡಲು ಬಿಡುವುದಿಲ್ಲ, ಹಾಗಾಗಿ ಈಗ ಅಲ್ಲಿ ಐಎಲ್2ಸಿಪಿಪಿ ಇಲ್ಲದೆ ದಾರಿ ಇಲ್ಲ. 2019ರ ಆಗಸ್ಟ್‌ನಿಂದ ಗೂಗಲ್ ಪ್ಲೇ 64 ಬಿಟ್ ಕಡ್ಡಾಯ ಮಾಡಿದ ಮೇಲೆ ಆಂಡ್ರಾಯ್ಡ್ ಆಟಗಳೂ ಅದೇ ದಾರಿಗೆ ಬಂದವು. ಹಾಗಾಗಿ ಎಡಿಟರ್‌ನಲ್ಲಿ ಓಡಿತು ಅಂತ ಸಮಾಧಾನ ಪಡಬೇಡಿ. ಫೋನಿಗೆ ಹಾಕಿ ನೋಡಿ.

## ರಿಫ್ಲೆಕ್ಷನ್ ಇಲ್ಲದೆಯೇ ಆಟ್ರಿಬ್ಯೂಟ್ ಬಳಸಬಹುದಾ?

ಬಳಸಬಹುದು, ಹೊಸ ಕೆಲಸಕ್ಕೆ ನನಗೆ ಇದೇ ಇಷ್ಟ. 2020ರಲ್ಲಿ ಡಾಟ್ ನೆಟ್ 5ರ ಜೊತೆ ಸೋರ್ಸ್ ಜನರೇಟರ್ ಬಂತು. ಕಂಪೈಲ್ ಮಾಡುವಾಗಲೇ ಅದು ನಿಮ್ಮ ಆಟ್ರಿಬ್ಯೂಟ್‌ಗಳನ್ನು ನೋಡಿ, ಅಂಕಣಗಳ ಪಟ್ಟಿಯನ್ನು ಸಾದಾ ಸಿ ಶಾರ್ಪ್ ಕೋಡ್ ಆಗಿ ಬರೆದುಕೊಡುತ್ತದೆ. ಓಡುವಾಗ ಹುಡುಕುವುದು ಏನೂ ಉಳಿಯುವುದಿಲ್ಲ. ಪ್ರಾಪರ್ಟಿಗಳನ್ನು ಹೆಸರು ಹಿಡಿದೇ ಕರೆದಿರುವುದರಿಂದ ಟ್ರಿಮ್ಮರ್ ಕೂಡ ಅವನ್ನು ಮುಟ್ಟುವುದಿಲ್ಲ. ಡಾಟ್ ನೆಟ್ 6ರಿಂದ ಜೇಸನ್ ಲೈಬ್ರರಿಯಲ್ಲೂ ಇಂಥ ಸೌಲಭ್ಯ ಇದೆ.

ಜನರೇಟರ್ ಬರೆಯುವುದು ಸ್ವಲ್ಪ ಕಷ್ಟದ ಕೆಲಸ. ನಮ್ಮ ಕೆಲವು ಹಳೆಯ ಯಂತ್ರಗಳಿಗೆ ನಾವು ಇನ್ನೂ ಸರಳವಾದದ್ದು ಮಾಡಿದ್ದೇವೆ. ಬಿಲ್ಡ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡಿಸಿ, ಆಟ್ರಿಬ್ಯೂಟ್ ಓದಿ, ಪಟ್ಟಿಯನ್ನು ಒಂದು ಫೈಲಿಗೆ ಬರೆಯುತ್ತೇವೆ. ಯಂತ್ರ ಆ ಫೈಲನ್ನು ಓದುತ್ತದೆ, ಅಷ್ಟೆ.

## ಯಂತ್ರದಲ್ಲಿ ಎಕ್ಸೆಪ್ಷನ್ ಬಂದರೂ ಸಂದೇಶವೇ ಕಾಣಲ್ಲ. ಯಾಕೆ?

ಜಾಗ ಉಳಿಸಲು ಕಾಂಪ್ಯಾಕ್ಟ್‌ನಲ್ಲಿ ತಪ್ಪಿನ ಸಂದೇಶಗಳನ್ನು ಬೇರೆ ಅಸೆಂಬ್ಲಿಯಲ್ಲಿ ಇಟ್ಟಿದ್ದಾರೆ. ಅದರ ಹೆಸರು ಸಿಸ್ಟಮ್ ಡಾಟ್ ಎಸ್ಆರ್. ಪರೀಕ್ಷೆ ಮಾಡುವ ಯಂತ್ರಕ್ಕೆ ಅದನ್ನೂ ಹಾಕಿಕೊಳ್ಳಿ.

## ಈಗಿನ ಕಾಲದಲ್ಲಿ ಕಾಂಪ್ಯಾಕ್ಟ್ ಫ್ರೇಮ್‌ವರ್ಕ್ ಕಲಿಯಬೇಕಾ?

ಕೆಲಸಕ್ಕೆ ಅಂತ ಹೊಸದಾಗಿ ಕಲಿಯುವುದು ಬೇಡ. 3.5ಕ್ಕೆ ಬರೆಯಲು ವಿಷುಯಲ್ ಸ್ಟುಡಿಯೋ 2008 ಬೇಕು, ವಿಷುಯಲ್ ಸ್ಟುಡಿಯೋ 2010ರಲ್ಲೇ ಕಾಂಪ್ಯಾಕ್ಟ್‌ಗೆ ಬರೆಯುವ ಸೌಲಭ್ಯ ಕೈಬಿಟ್ಟರು. 2013ರ 3.9 ಕೊನೆಯ ಆವೃತ್ತಿ. ನಮ್ಮಲ್ಲಿ ಆ ಹಳೆಯ ಸ್ಟುಡಿಯೋ ಇರುವ ಒಂದೇ ಒಂದು ಕಂಪ್ಯೂಟರ್ ಇದೆ, ಅದರ ಹಾರ್ಡ್‌ಡಿಸ್ಕ್ ನಕಲನ್ನು ಎರಡು ಕಡೆ ಇಟ್ಟಿದ್ದೇವೆ.

ಆದರೆ ಕಲಿಯಲು ಬಂದವರಿಗೆ ನಾನು ಮೊದಲ ವಾರ ಆ ಹಳೆಯ ಯಂತ್ರವನ್ನೇ ಕೈಗೆ ಕೊಡುತ್ತೇನೆ. `ಅಂಕಣ` ಆಟ್ರಿಬ್ಯೂಟ್ ಬರೆದು, ಓದಿ, ಜೋಡಿಸಿ, ಒಂದು ಚೀಟಿ ಪ್ರಿಂಟ್ ತೆಗೆಯಬೇಕು. ಅದಾದ ಮೇಲೆ ಯಾರ್ಡ್‌ಗೆ ಹೋಗಿ, ಚೀಟಿಯನ್ನು ಒಬ್ಬ ರೈತರಿಗೆ ತೋರಿಸಿ, ಓದಲು ಆಗುತ್ತದೆಯೇ ಅಂತ ಕೇಳಿಕೊಂಡು ಬರಬೇಕು.